ತೋರಣಕ್ಕೆ ಹೋದ ಎಲೆಗಳು

ಗಂಡಿನ ಕಡೆಯವರು ಬಂದು ಜಮಖಾನದ ಮೇಲೆ ಕೂತ ಮೇಲೆ ಪಂಕಜಾಕ್ಷಿ ಕದ್ದು ತಲೆ ಎತ್ತಿದಳು. ಬಾಗಿಲ ತೋರಣ ಕಣ್ಣಿಗೆ ಬಿತ್ತು. ಅವು ಅವಳ ಎಲೆಗಳು.

ಪುಣೆಯ ಬುಧವಾರ ಪೇಟೆಯಲ್ಲಿ ಅವಳ ಅಪ್ಪ ಸುಬ್ಬಯ್ಯನ ಹೋಟೆಲು. ಮುಂದೆ ಹೋಟೆಲು, ಹಿಂದೆ ಮನೆ, ನಡುವಿನ ಅಂಗಳದಲ್ಲಿ ಮಾವಿನ ಕಸಿಗಿಡಗಳ ಕುಂಡಗಳು. ಆಪೂಸು, ಪಾಯರಿ ಈ ಕಡೆಯವು. ಮುಂಡಪ್ಪ, ಕಾಲಪಾಡಿ ಎರಡನ್ನೂ ಸುಬ್ಬಯ್ಯ ಮಂಗಳೂರಿನಿಂದ ಹಡಗು ಹತ್ತಿಸಿ, ಹೆತ್ತ ಮಕ್ಕಳ ಹಾಗೆ ಕಾದುಕೊಂಡು ತಂದಿದ್ದ. ಕಡಲಿನ ತೇವದಲ್ಲಿ ಬೆಳೆದ ಜಾತಿಯ ಎಲೆ ಪುಣೆಯ ಒಣ ಗಾಳಿಯಲ್ಲಿ ನೀರು ಹಿಡಿದಿಟ್ಟುಕೊಂಡೀತೇ? ಬಿ.ಎಸ್ಸಿ. ಓದುವ ಮಗಳ ತಲೆಗೆ ಹೊಕ್ಕ ಹುಳ ಇದು. ಒಂದೇ ವಯಸ್ಸಿನ ಎಲೆಗಳಿಗೆ ಚಿಗುರಿನಲ್ಲೇ ಬಣ್ಣದ ದಾರ ಕಟ್ಟಿ, ತಾಮ್ರದ ಬಣ್ಣ ಕಳೆದು ಕಡುಹಸಿರಾಗುವವರೆಗೆ ಕಾದಿದ್ದಳು. ಕಿತ್ತು ತೂಗಿ ಕಾಲೇಜಿಗೆ ಪ್ರಬಂಧ ಬರೆಯುವುದಷ್ಟೇ ಬಾಕಿ. ಆ ಪ್ರಬಂಧವಿಲ್ಲದೆ ಪದವಿ ಇಲ್ಲ. ಮದುವೆ ವೈಶಾಖಕ್ಕೆ, ಆಮೇಲೆ ಓದು ಗೀದು ಇಲ್ಲ ಎಂದು ಗಂಡಿನ ತಾಯಿ ಮೊದಲೇ ಹೇಳಿ ಕಳಿಸಿದ್ದಳು.

"ಅತ್ತೆ, ಆ ಎಲೆ ಎಲ್ಲಿಂದ ಕಿತ್ತದ್ದು?" ಪಕ್ಕದಲ್ಲಿದ್ದ ಸೋದರತ್ತೆ ಕುಸುಮಳನ್ನು ಪಿಸುಗುಟ್ಟಿ ಕೇಳಿದಳು.

"ನಮ್ಮ ಕುಂಡದ್ದೇ. ದಾರ ಎಂತಕ್ಕೆ ಕಟ್ಟಿದ್ದು ಮಾರಾಯ್ತಿ? ಬಿಚ್ಚಿ ಬಿಸಾಡಿದೆ. ಎಲ್ಲ ಒಂದೇ ಅಳತೆಯ ಎಲೆ, ಎಷ್ಟು ಚಂದ ಉಂಟು ನೋಡು!"

ಶುಭಕಾರ್ಯಕ್ಕೆ ಮಾವಿನ ತೋರಣ ಬೇಡವೆನ್ನುವವರು ಯಾರು? ಅತ್ತೆಯ ಮೇಲೆ ಸಿಟ್ಟು ಮಾಡಲೂ ಜಾಗವಿಲ್ಲ.

ಕೂತಲ್ಲೇ ಅವಳ ಕಾಲ ಬೆರಳು ಜಮಖಾನ ಕೆರೆಯತೊಡಗಿತು. ದಾರ ಹೋದರೇನು, ಎಲೆ ಗುರುತು ಹೇಳುತ್ತದೆ. ಅಂಚು ಅಲೆಯಲೆಯಾಗಿರುವುದು ಪಾಯರಿ. ನಡುನರದ ಮೇಲೆ ದೋಣಿಯಂತೆ ಮಡಚಿದ್ದು ಆಪೂಸು. ಉದ್ದ ಮೂತಿಯದು ಮುಂಡಪ್ಪ, ಉಳಿದದ್ದು ಕಾಲಪಾಡಿ. ಸಂಶಯ ಬಂದರೆ ಅಂಚು ಹಿಸುಕಿ ಮೂಸಿದರಾಯಿತು. ಆದರೆ ಬಿಸಿಲು ಬಾಗಿಲಿಗೇ ಹೊಡೆಯುತ್ತಿತ್ತು. ಆಪೂಸು ಆಗಲೇ ಸುರುಟಿತ್ತು. ಈಗ ತೂಗಿ, ಪೂರ್ತಿ ಒಣಗಿಸಿ ಮತ್ತೆ ತೂಗಿದರೆ ಯಾವುದರಲ್ಲಿ ಎಷ್ಟು ನೀರು ಉಳಿದಿತ್ತೆಂದು ತಿಳಿಯುತ್ತದೆ. ಇನ್ನೊಂದು ಗಳಿಗೆ ಬಿಟ್ಟರೆ ಎಲ್ಲವೂ ತರಗೆಲೆ, ಮತ್ತೆ ಚಿಗುರಿ ಬಲಿಯುವಷ್ಟರಲ್ಲಿ ವೈಶಾಖ.

ವರ ಸದಾನಂದ ಕೂತದ್ದು ಸರಿಯಾಗಿ ತೋರಣದ ಕೆಳಗೆ. ಹುಡುಗಿ ತನ್ನನ್ನೇ ಪದೇಪದೇ ನೋಡುತ್ತಿದ್ದಾಳೆಂದು ಪಾಪ ಅವನು ಕೆಂಪಾಗಿ, ಟೋಪಿ ಸರಿಮಾಡಿಕೊಂಡ. ಕುಸುಮತ್ತೆ ಪಂಕಜಾಕ್ಷಿಯ ತೊಡೆ ಚಿವುಟಿದಳು. "ಹಾಗೆ ಕಣ್ಣು ಬಿಟ್ಟು ನೋಡಬೇಡ, ನಾಚಿಕೆ ಇಲ್ಲವಾ?"

ಸುಬ್ಬಯ್ಯ ತಾಂಬೂಲದ ತಟ್ಟೆ ಎತ್ತಿಕೊಂಡ. ಅದು ಕೈ ಬದಲಾಯಿಸಿದರೆ ಮಾತು ಮುಗಿದಂತೆ. ಅಷ್ಟರಲ್ಲಿ ಪಂಕಜಾಕ್ಷಿ ಎದ್ದಳು. ಹೋಟೆಲಿನ ಬೆಂಚು ದರದರ ಎಳೆದು ತಂದು, "ಸ್ವಲ್ಪ ಸರಿಯಿರಿ" ಎಂದು ವರನಿಗೇ ಹೇಳಿ, ಮೇಲೆ ಹತ್ತಿ ತೋರಣ ಬಿಚ್ಚಿದಳು.

"ಅಯ್ಯೋ! ನಿಶ್ಚಯದ ತೋರಣ ಕೀಳುವುದಾ?" ಗಂಡಿನ ತಾಯಿ ಎದೆ ಹಿಡಿದುಕೊಂಡಳು. "ಇದು ಮನೆ ಬೆಳಗುವ ಹೆಣ್ಣಲ್ಲ. ಏಳು ಸದಾನಂದ!"

ಅವನು ಎದ್ದ. ಹೊಸ್ತಿಲು ದಾಟುವಾಗ ಒಮ್ಮೆ ತಿರುಗಿ ನೋಡಿದ. ಅವಳು ಎಲೆ ಮೂಸುತ್ತಿದ್ದಳು.

ಟಾಂಗಾ ಹೊರಟ ಸದ್ದು ಕೇಳಿತು. ಕುಸುಮತ್ತೆ ಸೆರಗಿಗೆ ಮುಖ ಒತ್ತಿ ಅಳುತ್ತ ಒಳಗೆ ಹೋದಳು. ಪಂಕಜಾಕ್ಷಿ ಎಲೆಗಳನ್ನು ನಾಲ್ಕು ಗುಂಪು ಮಾಡಿದಳು. ಆಗ ಅವಳಿಗೆ ನಿಜವಾಗಿ ಹೆದರಿಕೆಯಾಯಿತು. ಸುಬ್ಬಯ್ಯ ಇನ್ನೂ ತಟ್ಟೆ ಹಿಡಿದೇ ನಿಂತಿದ್ದ. ಮುಖ ಕೆಂಡವಾಗಿತ್ತು.

"ಮುಂಡಪ್ಪ ಯಾವುದು?" ಎಂದ.

ಅವಳು ಒಂದು ಎಲೆ ಕೊಟ್ಟಳು. ಅವನು ಅದನ್ನು ಬಗ್ಗಿಸಿ ನೋಡಿದ. ಬಿಟ್ಟ ಕೂಡಲೇ ಅದು ಮತ್ತೆ ನೆಟ್ಟಗಾಯಿತು.

"ಇದು ಒಣಗಲಿಲ್ಲವಲ್ಲ."

"ಇಲ್ಲ ಅಪ್ಪಯ್ಯ. ಇದೇ ಮೊದಲು ಒಣಗುತ್ತದೆ ಅಂತ ನಾನು ಎಣಿಸಿದ್ದೆ."

ಅವನು ತಟ್ಟೆಯನ್ನು ನೆಲಕ್ಕಿಟ್ಟು ಬಾಗಿಲು ಮುಂದೆ ಮಾಡಿದ. ಬಿಸಿಲು ನಿಂತಿತು.

"ಊರಿಡೀ ಮರ್ಯಾದೆ ತೆಗೆದಿ. ಇನ್ನು ತೂಕವಾದರೂ ಸರಿಯಾಗಿ ಮಾಡು. ತಕ್ಕಡಿ ಎಲ್ಲಿಟ್ಟಿದ್ದಿ?"