ಹೆಬ್ಬೆಟ್ಟು

"ಬೇರೆಯೋಳ ರೂಮಲ್ಲಿ ಏನ್ ಕಿಸೀತಾ ಇದ್ದೀಯ, ಡೆಲ್ಫಿನಾ? ನಿನ್ನ ಹಸಿರು ಚುಕ್ಕಿ ಆರುನೂರ ಹದಿನಾರರಲ್ಲಿ ತೋರಿಸ್ತಿದೆ. ನಿನ್ನ ಕೆಲಸ ಇರೋದು ಹದಿನಾಲ್ಕರಲ್ಲಿ."

ಏಪ್ರನ್ ಜೇಬಿನಲ್ಲಿದ್ದ ಫೋನಿನಿಂದ ಮ್ಯಾನೇಜರ್ ಬ್ರೆಂಟ್‌ನ ದನಿ ಬಂತು. ಹಾಸಿಗೆಯ ಆಚೀಚೆ ನಿಂತು ಚಾದರ ಎಳೆಯುತ್ತಿದ್ದ ಡೆಲ್ಫಿನಾ, ಮುಲು ಇಬ್ಬರೂ ಕಳ್ಳರಂತೆ ಕೈಬಿಟ್ಟರು.

"ಹಾಳಾದೋನು, ಕಕ್ಕಸಿಗೆ ಹೋದ್ರೂ ಚುಕ್ಕಿ ನೋಡ್ತಾನೆ," ಎಂದಳು ಡೆಲ್ಫಿನಾ.

"ನೀ ಹೋಗೆ. ನಾ ಹೆಂಗೋ ಮಾಡ್ಕತೀನಿ," ಎಂದಳು ಮುಲು. ಅವಳ ಬಲಭುಜ ಚಳಿಗಾಲದಿಂದ ಮೇಲೇಳುತ್ತಿರಲಿಲ್ಲ.

"ಏನ್ ಮಾಡ್ಕತೀಯ, ಹಲ್ಲಲ್ಲಿ ಎಳೀತೀಯ? ಕೈಯೇ ಏಳಲ್ಲ ನಿಂದು."

ಡೆನ್ವರ್‌ನ ಆ ಹೋಟೆಲಿನಲ್ಲಿ ಗ್ವಾಟೆಮಾಲದ ಡೆಲ್ಫಿನಾ, ಇಥಿಯೋಪಿಯದ ಮುಲು ಹನ್ನೊಂದು ವರ್ಷ ಜೋಡಿಯಾಗಿ ಹಾಸಿಗೆ ಹಾಸಿದ್ದರು. ಒಬ್ಬಳ ಮಾತು ಇನ್ನೊಬ್ಬಳಿಗೆ ತಿಳಿಯದ ಕಾಲದಲ್ಲೂ ಚಾದರದ ತುದಿ ಎಷ್ಟು ಬಿಗಿ ಬೇಕೆಂದು ಇಬ್ಬರಿಗೂ ಗೊತ್ತಿತ್ತು. ಈ ವಸಂತದಲ್ಲಿ ಎಲ್ಲರ ಫೋನಿಗೂ, ಯಾರು ಎಲ್ಲಿದ್ದಾರೆಂದು ಚುಕ್ಕಿಯಲ್ಲಿ ತೋರಿಸುವ 'ಟುಗೆದರ್' ಎಂಬ ಆ್ಯಪ್ ಹಾಕಿಸಿದರು. ಎಲ್ಲರೂ ಒಟ್ಟಾಗಿ ದುಡಿಯಲಿಕ್ಕಂತೆ. ಅದು ಬಂದು ಮಾಡಿದ ಮೊದಲ ಕೆಲಸ ಜೋಡಿಗಳನ್ನು ಒಡೆದದ್ದು. ಒಬ್ಬೊಬ್ಬಳಿಗೆ ಹದಿನಾಲ್ಕು ಕೋಣೆ. ಇನ್ನೊಬ್ಬಳಿಗೆ ನೆರವಾದರೆ ನಿನ್ನ ಹೆಸರಿನ ಮುಂದೆ 'ಸುಮ್ಮನಿದ್ದಾಳೆ' ಎಂದು ಬೀಳುತ್ತಿತ್ತು. ಕೋಣೆ ಮುಗಿದರೆ ಫೋನಿನ ತುಂಬ ಬಣ್ಣದ ಕಾಗದದ ಚೂರು ಉದುರುತ್ತಿದ್ದವು. ಅದನ್ನು ಕಂಡರೆ ಡೆಲ್ಫಿನಾಳಿಗೆ ಮೈ ಉರಿಯುತ್ತಿತ್ತು.

ಆರುನೂರ ಹದಿನಾಲ್ಕರಲ್ಲಿ ಮದುವೆಗಂಡಿನ ಗೆಳೆಯರು ಕುಡಿದು ಹಾಸಿಗೆಯ ಮೇಲೆಯೇ ಕಕ್ಕಿಕೊಂಡು ಹೋಗಿದ್ದರು. ಅವಳು ಮೊದಲು ಬಚ್ಚಲಿಗೆ ಹೋಗಿ ಮಂಡಿಯೂರಿ ಕಮೋಡು ತಿಕ್ಕತೊಡಗಿದಳು. ಅಷ್ಟರಲ್ಲಿ ಫೋನು ಗುಂಯ್‌ಗುಟ್ಟಿತು. ಎಲ್ಲರಿಗೂ ಕಾಣುವ ಗುಂಪಿನಲ್ಲಿ ಬ್ರೆಂಟ್ ಫೋಟೊ ಹಾಕಿದ್ದ. ಬಾತ್‌ಟಬ್ಬಿನಲ್ಲಿ ಹೊಂಬಣ್ಣದ ಒಂದು ಕೂದಲು. ಕೆಳಗೆ: "ಮುಲು ಮುಗಿಸಿದ ಕೋಣೆ. ನಮ್ಮ ಕುಟುಂಬದ ಕೆಲಸ ಹೀಗಿರುತ್ತದೆಯೇ?"

ಅಂಥ ಮಾತು ಬಂದ ಐದು ನಿಮಿಷದೊಳಗೆ ಎಲ್ಲರೂ ಅದರಡಿ ಹೆಬ್ಬೆಟ್ಟಿನ ಚಿತ್ರ ಒತ್ತಬೇಕು. ಒತ್ತದಿದ್ದರೆ ಕರೆ ಬರುತ್ತದೆ, ಬೈಗುಳ ಬರುತ್ತದೆ. ಹೆಂಗಸರ ಲೆಕ್ಕದಲ್ಲಿ ಅದರ ಅರ್ಥ ಇಷ್ಟೇ: ನೋಡಿದ್ದಾಯ್ತು, ಬಿಡಪ್ಪ. ಡೆಲ್ಫಿನಾ ಕೊಳಕು ಗವಸು ಬಿಚ್ಚಿ, ಒತ್ತಿ, ಮತ್ತೆ ಗವಸು ಹಾಕಿಕೊಂಡಳು.

ಊಟದ ಹೊತ್ತಿಗೆ ಇಬ್ಬರಿಗೂ ಆಫೀಸಿನಿಂದ ಕರೆ ಬಂತು. ಬ್ರೆಂಟ್ ಕೈಗೆ ಸ್ಯಾನಿಟೈಸರ್ ಹಚ್ಚಿಕೊಳ್ಳುತ್ತ ಕೂತಿದ್ದ. ಮೇಜಿನ ಮೇಲೆ ಅಚ್ಚಾದ ಒಂದು ಹಾಳೆ.

"ಮುಲು, ಇದು ನನ್ನೊಬ್ಬನ ತೀರ್ಮಾನ ಅಲ್ಲ," ಎಂದ ಮೆತ್ತಗೆ. "ನಿನ್ನ ಕೆಲಸ ಸರಿಯಿಲ್ಲ ಅಂತ ತಂಡವೇ ಹೇಳಿದೆ. ಮೂವತ್ತೊಂದು ಜನ ಒಪ್ಪಿದ್ದಾರೆ. ನಿನ್ನ ಗೆಳತೀನೂ ಒಪ್ಪಿದ್ದಾಳೆ, ನೋಡು."

ಹಾಳೆಯಲ್ಲಿ ಆ ಕೂದಲು. ಅದರ ಕೆಳಗೆ ಹೆಬ್ಬೆಟ್ಟುಗಳು, ಪಕ್ಕದಲ್ಲಿ ಹೆಸರುಗಳು. ನಾಲ್ಕನೆಯದು ಡೆಲ್ಫಿನಾಳದು.

ಮುಲು ಹಾಳೆಯನ್ನು ನೋಡಲಿಲ್ಲ, ಅವಳನ್ನು ನೋಡಿದಳು. "ನೀನೂ ಒತ್ತಿದ್ಯೇನೆ?"

"ನೋಡಿದ್ದೀನಿ ಅಂತ ಒತ್ತಿದ್ದು ಕಣೆ. ಎಲ್ಲಾರೂ ಹಂಗೇ ಒತ್ತೋದು. ನೀನೂ ಹಂಗೇ ಅಲ್ವೇನೆ ಒತ್ತೋದು?"

"ಹೂಂ. ಹೋದ್ ತಿಂಗ್ಳು ಆ ಮುದುಕಿ ಕಾನ್ಸೆಪ್ಸಿಯೋನ್‌ದು ಬಂದಿತ್ತಲ್ಲ, ನಾನೂ ಒತ್ತಿದ್ದೆ," ಎಂದಳು ಮುಲು.

ಕಾನ್ಸೆಪ್ಸಿಯೋನ್ ಆಮೇಲೆ ಕೆಲಸಕ್ಕೆ ಬಂದಿರಲಿಲ್ಲ. ಡೆಲ್ಫಿನಾಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಊರಿನ ಕಾಫಿ ತೋಟದಲ್ಲಿ ಓದು ಬಾರದ ಅವಳಪ್ಪ ಕಂಡ ಕಂಡ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹಾಳಾಗಿದ್ದ. ಅವನಿಗಾದರೂ ಬೆರಳಿಗೆ ಮಸಿ ಹಚ್ಚುತ್ತಿದ್ದರು. ಅವಳು ಫೋನು ತೆಗೆದು ತನ್ನ ಗುರುತಿನ ಮೇಲೆ ಮತ್ತೊಮ್ಮೆ ಒತ್ತಿದಳು. ಮೂವತ್ತೊಂದು ಇದ್ದದ್ದು ಮೂವತ್ತಾಯಿತು.

"ವಾಪಸ್ ತಗೊಂಡೆ," ಎಂದಳು.

ಬ್ರೆಂಟ್ ನಕ್ಕ. "ಅಚ್ಚಾಗಿ ಹೋಗಿದೆಯಲ್ಲಮ್ಮ."

ಮುಲು ಎದೆಯ ಮೇಲಿನ ಹೆಸರುಪಟ್ಟಿ ಬಿಚ್ಚಲು ಹೋದಳು. ಬಲಗೈ ಏಳಲಿಲ್ಲ. ಡೆಲ್ಫಿನಾ ಬಿಚ್ಚಿಕೊಟ್ಟಳು.

"ಕೂದ್ಲು ಯಾರ್ದು ಅಂತ ಕೇಳ್ದ ಸೂಳೆಮಗ ಒಬ್ಬನೂ ಇಲ್ಲ," ಎಂದು ತನ್ನ ಕಪ್ಪು ಗುಂಗುರು ಜಡೆಯನ್ನು ಹಿಂದಕ್ಕೆ ಎಸೆದು ಮುಲು ಹೊರಟುಹೋದಳು.

"ಅವಳ ಉಳಿದ ಆರು ಕೋಣೆ ನಿನ್ನ ಹೆಸರಿಗೆ ಹಾಕಿದ್ದೀನಿ. ನಡಿ," ಎಂದ ಬ್ರೆಂಟ್.

ಡೆಲ್ಫಿನಾ ಮತ್ತೆ ಆರುನೂರ ಹದಿನಾಲ್ಕಕ್ಕೆ ಹೋದಳು; ಕಕ್ಕಿದ ಹಾಸಿಗೆ ಇನ್ನೂ ಹಾಗೇ ಇತ್ತು. ಫೋನಿನಲ್ಲಿ ಆಗಲೇ ಹೊಸ ಮಾತು ಬಂದಿತ್ತು: "ಮುಲುವಿಗೆ ನಮ್ಮೆಲ್ಲರ ಶುಭ ಹಾರೈಕೆ." ಅದರಡಿ ಹೆಬ್ಬೆಟ್ಟುಗಳು ಬೀಳುತ್ತಿದ್ದವು. ಹಳೆಯ ಫೋಟೊದಡಿ ಮೂವತ್ತು ಮೂವತ್ತಾಗಿಯೇ ಇತ್ತು. ಅವಳು ಫೋನನ್ನು ಕಮೋಡಿಗೆ ಹಾಕಿದಳು. ಹಾಸಿಗೆಯ ಚಾದರದ ನಾಲ್ಕೂ ಮೂಲೆ ಸೇರಿಸಿ, ಒಳಗಿನದು ಚೆಲ್ಲದಂತೆ ಗಂಟುಕಟ್ಟಿ, ಅತಿಥಿಗಳ ಲಿಫ್ಟಿನಲ್ಲೇ ಕೆಳಗಿಳಿದಳು. ಲಿಫ್ಟಿನಲ್ಲಿದ್ದವರು ಮೂಗು ಮುಚ್ಚಿಕೊಂಡು ಗೋಡೆಗೆ ಒತ್ತಿ ನಿಂತರು.

ಬ್ರೆಂಟ್‌ನ ಮೇಜಿನ ಮೇಲೆ ಗಂಟು ಬಿಚ್ಚಿದಳು. ಆ ಹಾಳೆ, ಕೀಬೋರ್ಡು, ಅವನ ಅರ್ಧ ತಿಂದ ಸ್ಯಾಂಡ್‌ವಿಚ್ಚು ಎಲ್ಲವೂ ಅದರಡಿ ಹೋದವು. ಅವನು ಕುರ್ಚಿ ಸಮೇತ ಹಿಂದೆ ಸರಿದ.

"ಹುಚ್ಚು ಹಿಡಿದಿದೆಯಾ ನಿನಗೆ? ಏನಿದು?"

"ಒಟ್ಟಿಗೆ ಮಾಡೋ ಕೆಲ್ಸ," ಎಂದು ಡೆಲ್ಫಿನಾ ತನ್ನ ಕಡೆಯ ಎರಡು ತುದಿ ಹಿಡಿದು ನಿಂತಳು. "ಹಿಡಿ, ಆ ಕಡೆ."