ಮನೆಯವರೂ ಸೇರಿ

“ಹೊರಗಿನವರು ಅಂತ ಮಾತ್ರ ಬರೆದಿದ್ದೀರಲ್ಲ, ಮನೆಯವರು?” ಎಂದರು ವಿಭಾಗದ ಮುಖ್ಯಸ್ಥೆ ಮೇಡಂ, ಕನ್ನಡಕ ಹಣೆಗೇರಿಸಿ.

ಆಸ್ಪತ್ರೆಯ ದಾಖಲೆ ವಿಭಾಗದವರು ಮನೆಯಿಂದ ಕೆಲಸ ಮಾಡುವಾಗ ಪಾಲಿಸಬೇಕಾದ ನಿಯಮಗಳನ್ನು ಬರೆಯುವ ಕೆಲಸವನ್ನು ಅಲ್ಲಿನ ಗುಮಾಸ್ತೆಯಾದ ಅವಳ ತಲೆಗೆ ಕಟ್ಟಿದ್ದರು. ಪಾಸ್‌ವರ್ಡ್ ಯಾರಿಗೂ ಹೇಳಬಾರದು, ಲಾಗಿನ್ ಆಗುವಾಗಲೆಲ್ಲ ಫೋನಿಗೆ ಬರುವ ಕೋಡ್ ಹಾಕಬೇಕು, ರೋಗಿಗಳ ಕಡತ ಹೊರಗಿನವರ ಕಣ್ಣಿಗೆ ಬೀಳಬಾರದು. ಅಲ್ಲಿಗೆ ನಿಲ್ಲಿಸಿದ್ದಳು.

“ಮನೆಯವರು ಯಾಕೆ ನೋಡ್ತಾರೆ ಮೇಡಂ? ನಮ್ಮನೇಲಂತೂ ಲ್ಯಾಪ್‌ಟಾಪ್ ಯಾರೂ ಮುಟ್ಟಲ್ಲ.”

ಅವಳ ಮನೆಯ ಸುದ್ದಿಯನ್ನು ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು.

ಮೇಡಂ ನಕ್ಕರು. “ನಿಮ್ಮನೆ ಮಾತಲ್ಲ ಕಣ್ರೀ. ನನ್ನ ತಂಗಿ ಗಂಡ ಅವಳ ಫೋನನ್ನೇ ಬಿಡಲ್ಲ, ಇನ್ನು ಕಡತ ಬಿಡ್ತಾನಾ? ಸೇರಿಸಿ. ಮೀರಿದವರಿಗೆ ಕೆಲಸ ಇಲ್ಲ ಅಂತಾನೂ ಹಾಕಿ. ಅಂದಹಾಗೆ, ಈಚೆಗೆ ನೀವು ಸಂಜೆ ಮನೆಯಿಂದ ಕಳಿಸೋದರಲ್ಲಿ ಒಂದು ತಪ್ಪೂ ಇರಲ್ಲ. ಭೇಷ್!”

ಆ ಭೇಷ್ ಸಲ್ಲಬೇಕಾದದ್ದು ಅವಳ ಗಂಡನಿಗೆ. ಕಾರ್ಖಾನೆ ಮುಚ್ಚಿದ ಮೇಲೆ ಅವನು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದ. ಒಂದು ಸಂಜೆ ಮಗುವಿಗೆ ಜ್ವರವೆಂದು ಅವಳು ಎದ್ದುಹೋದಾಗ, ಅರ್ಧಕ್ಕೆ ಬಿಟ್ಟ ಕಡತವನ್ನು ಅವನೇ ಮುಗಿಸಿದ್ದ. ಅಂದಿನಿಂದ ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೇಜಿಗೆ ಕೂರುತ್ತಾನೆ. ಊಟಕ್ಕೆ ಕರೆದರೆ ‘ಇರೇ, ಕೆಲಸ ಇದೆ’ ಎನ್ನುತ್ತಾನೆ. ಆ ಮಾತು ಕೇಳಿ ಅವಳಿಗೆ ಹೋದ ಜೀವ ಬಂದಂತಾಗಿತ್ತು.

‘ಮನೆಯವರೂ ಸೇರಿ’ ಎಂದು ಟೈಪು ಮಾಡಿದಳು. ಅಳಿಸಿದಳು, ಮತ್ತೆ ಟೈಪು ಮಾಡಿದಳು. ಸಂಜೆಯ ಹೊತ್ತಿಗೆ ನಿಯಮ ಎಲ್ಲರಿಗೂ ಹೋಯಿತು, ಜಾರಿಯೂ ಆಯಿತು.

ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದಳು. ಹೇಳಿದರೆ ಅವನು ಮತ್ತೆ ಗೋಡೆಗೆ ತಿರುಗುತ್ತಾನೆ. ಹೇಳದೆ ಸಿಕ್ಕಿಬಿದ್ದರೆ ಮೂವರ ಅನ್ನಕ್ಕೂ ಕಲ್ಲು ಬೀಳುತ್ತದೆ. ಅವಳಿಗೆ ನಿಜಕ್ಕೂ ಭಯವಾಗುತ್ತಿತ್ತು.

ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಅವನ ದನಿ ಬಂತು. “ಬಂದ್ಯಾ? ಇವತ್ತು ಇದು ಹೊಸದಾಗಿ ಏನೋ ಕೇಳ್ತಿದೆ ನೋಡೇ. ನಿನ್ನ ಫೋನಿಗೆ ಕೋಡ್ ಬಂದಿರುತ್ತಂತೆ. ಬೇಗ ಹೇಳು, ರಾಶಿ ಕೆಲಸ ಬಿದ್ದಿದೆ.”

ಫೋನು ಅವಳ ಕೈಯಲ್ಲೇ ಇತ್ತು.

“ನಾಲ್ಕು,” ಎಂದಳು. “ಏಳು.”

“ಹೂಂ, ಆಮೇಲೆ?”

ಅವನು ತಿರುಗಿ ನೋಡಲಿಲ್ಲ. ಎರಡೂ ಕೈ ಕೀಲಿಮಣೆಯ ಮೇಲಿಟ್ಟುಕೊಂಡು ಕಾಯುತ್ತಿದ್ದ.