ಓಬಕ್ಕನ ಕಂಬಳಿ

ಸಾಸಿವೆ ಸಿಡಿಯುತ್ತಿದೆ, ಮೊದಲು ಒಂದು, ಆಮೇಲೆ ಒಟ್ಟಿಗೆ ಎಲ್ಲ, ಅತ್ತೆ ಉಪ್ಪಿಟ್ಟಿಗೆ ಒಗ್ಗರಣೆ ಇಟ್ಟಿದ್ದಾರೆ, ನಿನ್ನೆ ಅಜ್ಜಿಯನ್ನು ಮಣ್ಣಿಗಿಟ್ಟು ಬಂದ ಮನೆಯಲ್ಲಿ ಇಂದು ಕರಿಬೇವಿನ ವಾಸನೆ, ಇರಲಿ, ಲಿಂಗವಂತರಿಗೆ ಸೂತಕವಿಲ್ಲ, ಹೋದವರು ಶಿವನಲ್ಲಿ ಸೇರಿದರು, ಉಳಿದವರು ಅಂಗಡಿ ತೆಗೆಯಬೇಕು — ರೇವಣಪ್ಪ ಮಾವ ಆಗಲೇ ವಿಭೂತಿ ಹಚ್ಚಿಕೊಂಡು ಬೆಲ್ಲದ ಮಂಡಿಯ ಬೀಗದ ಕೈ ಹುಡುಕುತ್ತಿದ್ದಾರೆ, ಸುವರ್ಣಳ ಗಂಡ ಹೋದ ಮರುದಿನವೂ ಹೀಗೆಯೇ ಒಲೆ ಉರಿದಿತ್ತು, ಅವಳು ಹೀಗೆಯೇ ಗೋಡೆಗೊರಗಿ ಕೂತಿದ್ದಳು, ಮೈಸೂರಲ್ಲಿ ಬಿ.ಎ. ಓದವಳಂತೆ, ಅಳಾಕೂ ಬರಕಿಲ್ಲವಾ ಅಂತ ಯಾರೋ ಅಂದಿದ್ದರು, ಬರಲಿಲ್ಲ, ಈಗಲೂ ಬರುತ್ತಿಲ್ಲ. ಸುವರ್ಣಾ, ಅವ್ವ ಕೊನೇಗೆ ಕೇಳಿದ್ದು ಅದೊಂದೇ ಕಣಮ್ಮ, ಆಸ್ಪತ್ರೇಲಿ ಪಕ್ಕದ ಮಂಚದೋಳು ಹೊದ್ಸಿದ್ಳಲ್ಲ ಕಂಬಳಿ, ಅದನ್ನ ಕಲ್ಯಾಣದುರ್ಗಕ್ಕೆ ಮುಟ್ಟುಸ್ಬುಡಿ ಅಂತ, ಮಂಡಿ ಆಳನ್ನ ಕಳುಸ್ತೀನಿ — ಬೇಡ ಮಾವ, ನಾನೇ ಹೋಗ್ತೀನಿ. ನೀನೇ ಯಾಕೆ ಎಂದು ಮಾವ ಕೇಳಲಿಲ್ಲ. ಆಸ್ಪತ್ರೆಯ ಆ ಮಧ್ಯಾಹ್ನವನ್ನು ಪೂರ್ತಿ ನೋಡಿದವಳು ಪಕ್ಕದ ಮಂಚದ ಓಬಕ್ಕ ಒಬ್ಬಳೇ, ಅಜ್ಜಿ ತನ್ನನ್ನು ಏನೆಂದು ಬೈದಳು, ಅದು ಸುವರ್ಣಳಿಗೆ ತಿಳಿಯಬೇಕು, ಬೈದಿದ್ದರೆ ಒಳ್ಳೆಯದು, ಬೈದಿರಲಿ.

ಇದ್ದಿಲು ಉರಿಸಿ ಓಡುವ ಬಸ್ಸು, ಮಡಕಶಿರದ ಏರಿನಲ್ಲಿ ಉಸಿರುಗಟ್ಟಿ ನಿಂತಿತು, ದಿಗಂಡಿ ದಿಗಂಡಿ ಎಂದು ಕಂಡಕ್ಟರು ಗಂಡಸರನ್ನೆಲ್ಲ ತಳ್ಳಲು ಇಳಿಸಿದ, ಇದಕ್ಕಿಂತ ನಮ್ ಕತ್ತೆ ವಾಸಿ ಕಣಪ್ಪ ಎಂದು ಯಾರೋ ನಕ್ಕರು, ತೊಡೆಯ ಮೇಲೆ ಕಂಬಳಿ ಚುಚ್ಚುತ್ತಿದೆ, ಕುರಿಯ ವಾಸನೆ, ಅಜ್ಜಿಯ ವಿಭೂತಿಯ ವಾಸನೆ, ಆವತ್ತು ಜಟಕಾದಲ್ಲಿ ಅಜ್ಜಿಯ ಎದೆ ಗೊರಗೊರ ಎನ್ನುತ್ತಿತ್ತು, ಹೊದೆಯಲು ಒಂದು ದುಪ್ಪಟಿ ತರುವುದೂ ಸುವರ್ಣಳಿಗೆ ನೆನಪಾಗಿರಲಿಲ್ಲ, ಆಸ್ಪತ್ರೆಯಲ್ಲಿ ಮದರಾಸಿನ ಡಾಕ್ಟರಮ್ಮ ಎದೆಗೆ ಕೊಳವೆ ಇಡಲು ಬಗ್ಗಿದರು, ಬೆಳ್ಳಿಯ ಕರಡಿಗೆ ಅಡ್ಡ ಬಂತು, ಇದೇನು ಡಬ್ಬಿ ಎಂದು ಇಂಗ್ಲಿಷಿನಲ್ಲಿ ಕೇಳಿದರು, ಅದರೊಳಗೆ ಇಷ್ಟಲಿಂಗವಿದೆ, ಹುಟ್ಟಿದಾಗ ಕಟ್ಟಿದ್ದು, ಅದು ಮೈಮೇಲಿಲ್ಲದೆ ಈಕೆ ಒಂದು ಹನಿ ನೀರೂ ನುಂಗುವುದಿಲ್ಲ — ಇಷ್ಟು ಹೇಳಬೇಕಿತ್ತು, ಇಂಗ್ಲಿಷಿನಲ್ಲಿ ಅದು ಎಷ್ಟು ಪೆದ್ದಾಗಿ ಕೇಳುತ್ತದೆ ಎಂದು ನಾಚಿ, ಏನಿಲ್ಲ, ಒಂದು ಒಡವೆ ಅಂದುಬಿಟ್ಟಳು, ಡಾಕ್ಟರಮ್ಮ ಕೇಳುವ ಮೊದಲೇ ತಾನೇ ಅದನ್ನು ಅಜ್ಜಿಯ ಕೊರಳಿಂದ ತೆಗೆದು ತನ್ನ ಚೀಲದೊಳಗೆ ಹಾಕಿಕೊಂಡಳು, ಅಜ್ಜಿಯ ಕೈ ಅದರ ಹಿಂದೆಯೇ ಬಂತು, ಒಂದ್ ಗಳಿಗೆ ಅಜ್ಜಿ, ಈಗಲೇ ಕೊಡ್ತೀನಿ. ಆಮೇಲೆ ಡಾಕ್ಟರಮ್ಮ, ನೀನು ಎಲ್ಲಿ ಓದಿದ್ದು, ಯಾವ ವಿಷಯ, ಬಾ ನನ್ನ ಮನೆಯಲ್ಲಿ ಚಹಾ ಕುಡಿಯೋಣ — ಆಸ್ಪತ್ರೆಯ ಹಿಂದೆಯೇ ಮನೆ, ಪಿಂಗಾಣಿ ಬಟ್ಟಲು, ಬಿಸ್ಕತ್ತು, ಹಾಸ್ಟೆಲ್ಲಿನ ಮಾತು, ಗಂಡ ಹೋದ ಮೇಲೆ ಯಾರೂ ಅವಳನ್ನು ವಿಧವೆಯಲ್ಲದ ಹಾಗೆ ಮಾತಾಡಿಸಿರಲಿಲ್ಲ, ಅವಳು ನಕ್ಕಳು, ತನ್ನ ನಗು ತನಗೇ ಕೇಳಿ ಬೆಚ್ಚಿ ಮತ್ತೆ ನಕ್ಕಳು, ಇನ್ನೊಂದು ಬಟ್ಟಲು, ಚೀಲ ತೊಡೆಯ ಮೇಲೇ ಇತ್ತು, ಬಿಸಿಲು ಕಿಟಕಿಯಿಂದ ಇಳಿದು ಹೋಯಿತು. ವಾರ್ಡಿಗೆ ಬಂದರೆ ನರ್ಸು ಕಿರುಚುತ್ತಿದ್ದಾಳೆ, ಮುಸಲಮ್ಮ ಮೊಂಡಿದಿ, ಮಂದೂ ವದ್ದು ನೀಳ್ಳೂ ವದ್ದು ಅಂಟುಂದಿ, ಮೊಂಡು ಮುದುಕಿ ಔಷಧವೂ ಬೇಡ ನೀರೂ ಬೇಡ ಎನ್ನುತ್ತಾಳಂತೆ, ಪಕ್ಕದ ಮಂಚದಿಂದ ಒಂದು ಕಣ್ಣಿಗೆ ಪಟ್ಟಿ ಕಟ್ಟಿದ ಹೆಂಗಸು ಇವಳನ್ನೇ ನೋಡುತ್ತಿದ್ದಾಳೆ, ಅಜ್ಜಿಯ ಮೇಲೆ ಯಾರದೋ ಕರಿ ಕಂಬಳಿ, ಕಂಬಳಿಗೆ ಮೈಲಿಗೆಯಿಲ್ಲ ಕಣವ್ವ, ಯಾರ್ದಾದ್ರೂ ಹೊದೀಬೋದು ಎಂದಳು ಅಜ್ಜಿ, ತುಟಿ ಒಡೆದಿತ್ತು, ಕಂಬಳಿಯ ಕೆಳಗೆ ಕೈ ಎದೆಯ ಮೇಲೆ ತಡಕುತ್ತಲೇ ಇತ್ತು, ಬಂದ್ಯೇನವ್ವ, ಅಷ್ಟೇ, ಕರಡಿಗೆ ಕೊರಳಿಗೆ ಬಿದ್ದ ಮೇಲೆ ನೀರು ಕುಡಿದಳು, ಕುಡಿದಳು, ಚೊಂಬು ಖಾಲಿಯಾಯಿತು, ಆದರೆ ಮತ್ತೆ ಚೇತರಿಸಿಕೊಳ್ಳಲಿಲ್ಲ. ವಯಸ್ಸಾಗಿತ್ತು ಬಿಡಮ್ಮ ಎನ್ನುತ್ತಾರೆ ಮಾವ, ಅರ್ಧ ದಿನದ ಔಷಧ ತಪ್ಪಿದ್ದು ಮಾವನಿಗೆ ಗೊತ್ತಿಲ್ಲ, ನಿನ್ನೆ ಸ್ವಾಮಿಗಳು ಅಜ್ಜಿಯನ್ನು ಗುಣಿಯಲ್ಲಿ ಕೂರಿಸಿ ಎಡಗೈಯಲ್ಲಿ ಲಿಂಗವಿಟ್ಟು ಬೆರಳು ಮಡಚಿದರು, ಎಲ್ಲರೂ ನೋಡಿದರು, ಸುವರ್ಣ ನೋಡಲಿಲ್ಲ.

ಕಂಬಳಿ ಓಬಕ್ಕನ ಮನೆ ಎಂದರೆ ಕಲ್ಯಾಣದುರ್ಗದಲ್ಲಿ ಮೊದಲು ಸಿಕ್ಕವನೇ ತೋರಿಸಿದ, ಜಗುಲಿಯ ಮೇಲೆ ಉಣ್ಣೆ ಬಿಡಿಸುತ್ತ ಕೂತಿದ್ದಾಳೆ, ಈಗ ಪಟ್ಟಿಯಿಲ್ಲ, ಎರಡು ಕಣ್ಣೂ ಬಿಟ್ಟು, ಓಹೋ, ಕಂಬಳಿ ತಾನಾಗೇ ನಡ್ಕಂಡ್ ಬಂತಾ, ಕುಂದುರ್ಪಿ ಕುರಿ ಉಣ್ಣೆ ಕಣಮ್ಮ, ಮನೆ ಮರೆಯಕಿಲ್ಲ, ಬಾ ಕುಂತ್ಕ, ಪಂಪವ್ವ ಹೆಂಗವ್ರೆ — ಹೋಗ್ಬಿಟ್ರು ಓಬಕ್ಕ. ಉಣ್ಣೆ ಕೈಯಿಂದ ಜಾರಿತು. ಅಯ್ಯೋ ನಮ್ಮಪ್ಪ, ಎಂಥ ಜೀವ, ಆವತ್ತು ಆ ನರ್ಸು ನೀರು ಬಾಯಿಗೇ ತುರುಕ್ತಾಳೆ, ಇವ್ರು ಹಲ್ಲು ಕಚ್ಕಂಡವ್ರೆ, ನಾನಂದೆ, ಎಲ್ಲವ್ವ ನಿನ್ ಲಿಂಗ, ಆ ಓದ್ದೋಳು ಎತ್ಕಂಡೋದ್ಳಲ್ಲ ಅಂತ — ಈಗ, ಈಗ ಹೇಳುತ್ತಾಳೆ, ಸುವರ್ಣ ಕಂಬಳಿಯನ್ನು ಬಿಗಿಯಾಗಿ ಹಿಡಿದಳು — ಹಂಗನ್ಬ್ಯಾಡ ಓಬಿ ಅಂತ ನನ್ಗೇ ಬೈದ್ರು ಕಣಮ್ಮ, ನನ್ ಮೊಮ್ಮಗಳು ಅದನ್ನ ಮಠಕ್ಕೆ ಒಯ್ದವಳೆ, ಸ್ವಾಮಿಗಳ ಕೈಲಿ ಪೂಜೆ ಮಾಡುಸ್ಕಂಡು ಬತ್ತಾಳೆ, ಬಿಸಿಲಾಗೆ ಹೋಗವಳೆ ಕೂಸು, ಅವಳೂ ಏನೂ ಕುಡ್ದಿರಕಿಲ್ಲ, ಅಂತ ನಿನ್ನೇ ನೆನೀತಿದ್ರು, ಪುಣ್ಯವಂತೆ ನೀನು. ಓಬಕ್ಕ ಅವಳ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು, ಆ ಕೈಯನ್ನೇ, ಕರಡಿಗೆ ತೆಗೆದ ಕೈ, ಬಟ್ಟಲು ಹಿಡಿದ ಕೈ, ಬಿಡಿಸಿಕೊಳ್ಳಬೇಕು, ಹಾಗಲ್ಲ ಓಬಕ್ಕ ಎನ್ನಬೇಕು, ತಗೊಳ್ಳಿ ಎಂದಳು, ಅಷ್ಟೇ, ಕಂಬಳಿ ಕೊಟ್ಟಳು, ಅಜ್ಜಿ ಆ ಮಠದ ಮಾತನ್ನು ಮೊಮ್ಮಗಳ ಮಾನ ಕಾಯಲು ಹೇಳಿದಳೋ, ಇಲ್ಲ ನಿಜವೆಂದೇ ನಂಬಿ ಮಲಗಿದ್ದಳೋ, ಇನ್ನು ಕೇಳುವುದು ಯಾರನ್ನು, ಓಬಕ್ಕ ಕಂಬಳಿ ಬಿಡಿಸಿ ಕೊಡವುತ್ತಿದ್ದಾಳೆ, ಧೂಳು, ವಿಭೂತಿ, ಖಾಲಿ ಕಂಬಳಿ, ಅದರ ಕೆಳಗೆ ಅಜ್ಜಿಯ ಆ ಕೈ, ಬರೀ ಎದೆಯ ಮೇಲೆ, ತಡಕುತ್ತ, ಆ ಕೈ —